ಎರಡು ಕೈಗೆ ಎರಡು ಕೊಡೆ

ಕೊಡೆ ಕಾರ್ಖಾನೆಯ ಮ್ಯಾನೇಜರನ್ನು ಅಲ್ಲಿನ ಜನ ಎದುರಿಗೆ 'ಸಾರ್' ಎನ್ನುತ್ತಿದ್ದರು, ಬೆನ್ನ ಹಿಂದೆ 'ಕೊಡಿಲ್ಲಿ ಸಾಹೇಬ್ರು' ಎನ್ನುತ್ತಿದ್ದರು. ಯಾರ ಕೈಯಲ್ಲಿ ಯಾವ ಕೆಲಸ ಕಂಡರೂ 'ಕೊಡಿಲ್ಲಿ, ನಾನೇ ಮಾಡ್ತೀನಿ' ಎಂದು ಕಿತ್ತುಕೊಳ್ಳುವುದು ಅವರ ಅಭ್ಯಾಸ. ಕಿತ್ತುಕೊಂಡದ್ದನ್ನು ಮಾಡಿಯೂ ಬಿಡುತ್ತಿದ್ದರು. ತೊಂದರೆ ಇದ್ದದ್ದೇ ಅಲ್ಲಿ.

ಇಪ್ಪತ್ತೆರಡು ವರ್ಷ ಅವರು ಪರೀಕ್ಷೆ ಬೆಂಚಿನಲ್ಲಿ ಕೂತವರು. ತಯಾರಾದ ಕೊಡೆಯನ್ನು ಮೂರು ಸಲ ಬಿಚ್ಚಿ, ಮೂರು ಸಲ ಮುಚ್ಚಿ, ಅದರ ಸದ್ದಿನಲ್ಲೇ ಜಾತಕ ಹೇಳುವುದು ಅವರ ಕೆಲಸ. ಹಳೆಯ ಮ್ಯಾನೇಜರು ನಿವೃತ್ತರಾದಾಗ ಯಜಮಾನಮ್ಮ ಇವರನ್ನು ಕರೆದು, "ನೋಡಪ್ಪಾ, ಮೂರು ತಿಂಗಳು ನೀನು ಕೂತು ನೋಡು. ಆಮೇಲೆ ನಾನು ನೋಡ್ತೀನಿ" ಅಂದಿದ್ದರು. ಯಜಮಾನಮ್ಮನ ತಮ್ಮ ಅದೇ ದಿನ ಕೋಣೆಯ ಬಾಗಿಲಿನ ಹಲಗೆಯ ಮೇಲೆ 'ತಾತ್ಕಾಲಿಕ ಮ್ಯಾನೇಜರ್' ಎಂದು ಸೀಮೆಸುಣ್ಣದಲ್ಲಿ ಬರೆದಿದ್ದ. ಬಣ್ಣದಲ್ಲಿ ಬರೆದರೆ ಅಳಿಸುವುದು ಕಷ್ಟ ನೋಡಿ.

ಆ ಕುರ್ಚಿಯ ಮೇಲೆ ತಮ್ಮನಿಗೂ ಕಣ್ಣಿತ್ತು. ಕಣ್ಣು ಮಾತ್ರವಲ್ಲ, ಅಳತೆ ಟೇಪೂ ಇತ್ತು. ವಾರಕ್ಕೊಮ್ಮೆ ಕೋಣೆಗೆ ನುಗ್ಗಿ ಕಿಟಕಿಯ ಉದ್ದಗಲ ಅಳೆಯುತ್ತಿದ್ದ.

"ಏನ್ ಸಾರ್ ಇದು?"

"ಏನಿಲ್ಲ, ಏನಿಲ್ಲ, ನೀವು ಆರಾಮಾಗಿ ಕೂತಿರಿ. ಪರದೆಗೆ. ಮೂರು ತಿಂಗಳಾದ್ಮೇಲೆ ಬೇಕಾಗುತ್ತೆ."

ಸಾಹೇಬರು ಆಗಲೂ ಏನು ಮಾಡಿದರು ಗೊತ್ತೇ? ಟೇಪಿನ ತುದಿ ಜಾರುತ್ತಿದ್ದದ್ದನ್ನು ನೋಡಲಾಗದೆ, "ಕೊಡಿಲ್ಲಿ, ನಾನು ಹಿಡ್ಕೋತೀನಿ" ಅಂದರು.

ಈ ಗುಣ ಇಡೀ ಕಾರ್ಖಾನೆಗೆ ಬೇಗ ತಿಳಿಯಿತು. ಕೆಲಸ ಕಷ್ಟವೆನಿಸಿದರೆ ಅದನ್ನು ಹಿಡಿದುಕೊಂಡು ಸಾಹೇಬರ ಕಣ್ಣಿಗೆ ಬೀಳುವಂತೆ ನಿಂತು ಒಂದು ನಿಟ್ಟುಸಿರು ಬಿಟ್ಟರೆ ಸಾಕು. ಹೊಲಿಗೆ ವಿಭಾಗದ ಮುಖ್ಯಸ್ಥೆ, ಎಲ್ಲರ ಬಾಯಲ್ಲಿ ಹೊಲಿಗೆಯಕ್ಕ, ಸಿಕ್ಕುಬಿದ್ದ ಯಂತ್ರ ತೋರಿಸಿ ಉಸ್ಸೆಂದಳು. ಯಂತ್ರ ಸಾಹೇಬರ ಪಾಲಾಯಿತು. ಕೊಡೆಗೆ ಗುಂಡಿ, ಸ್ಪ್ರಿಂಗು ಕೂಡಿಸುವ ಹಳೇ ಮೆಕ್ಯಾನಿಕ್ಕು ಸ್ಪ್ರಿಂಗ್ ಮಾವ ಉಸ್ಸೆಂದ. ಸ್ಪ್ರಿಂಗಿನ ಪೆಟ್ಟಿಗೆ ಸಾಹೇಬರ ಮೇಜಿಗೆ ಬಂತು. ಉಗ್ರಾಣದವನು ತನ್ನ ರಜೆ ಅರ್ಜಿಯನ್ನು ಕೈಯಲ್ಲಿ ಹಿಡಿದು ಉಸ್ಸೆಂದ. ಸಾಹೇಬರು ಅದನ್ನೂ ಬರೆದು, ತಾವೇ ಮಂಜೂರು ಮಾಡಿ, ಅವನಿಲ್ಲದ ಮೂರು ದಿನ ಉಗ್ರಾಣವನ್ನೂ ನೋಡಿಕೊಂಡರು. ಹತ್ತು ಜನರ ಹುಲ್ಲುಕಡ್ಡಿ ಒಬ್ಬನಿಗೆ ತಲೆಹೊರೆ ಅನ್ನುತ್ತಾರಲ್ಲ, ಇಲ್ಲಿ ಹತ್ತು ಜನ ಹುಲ್ಲುಕಡ್ಡಿಯನ್ನೂ ಹೊರುತ್ತಿರಲಿಲ್ಲ. ಎಲ್ಲರ ಕೆಲಸವೂ ಸಾಹೇಬರ ಮೇಜಿನ ಮುಂದೆ ಸಾಲು ನಿಂತಿತ್ತು. ದೊಡ್ಡ ಹೋಟೆಲೊಂದು ಹೇಳಿಟ್ಟಿದ್ದ ಎರಡು ಸಾವಿರ ಕೆಂಪು ಕೊಡೆಗಳು ಮೊದಲ ತಿಂಗಳ ಕೊನೆಗೆ ಮುನ್ನೂರೂ ದಾಟಿರಲಿಲ್ಲ. ಲಾರಿ ಬರಬೇಕಾದದ್ದು ಮೂರು ತಿಂಗಳ ಗಡುವಿನ ಕೊನೆಯ ದಿನವೇ.

ಯಜಮಾನಮ್ಮ ಬೈಯಲಿಲ್ಲ. "ವಾರಕ್ಕೊಂದು ಸಲ ಒಬ್ರು ಬರ್ತಾರೆ. ನಿನ್ನೊಬ್ಬನ ಜೊತೆ ಕೂತು ಮಾತಾಡ್ತಾರೆ. ದೊಡ್ಡ ಹುದ್ದೆಯೋರಿಗೆ ಕೋಚಿಂಗ್ ಕೊಡೋರು" ಅಂದರು.

ಮನೆಯಲ್ಲಿ ಈ ಸುದ್ದಿ ಹೇಳಿದಾಗ ಹೆಂಡತಿ ನಕ್ಕು ಸುಮ್ಮನಾದಳು. ಸುಮ್ಮನಾಗದವರು ಅವಳ ತಾಯಿ, ಸಾಹೇಬರ ಅತ್ತೆ.

"ಮೊದ್ಲು ಕೆಲಸ ಕೊಟ್ಟು ಆಮೇಲೆ ಕಲಿಸೋಕೆ ಜನ ಕಳಿಸ್ತಾರಾ ಅಳಿಯಂದ್ರೇ? ಮದುವೆ ಮುಗಿಸಿ ಗಂಡು ಹುಡುಕಿದ ಹಾಗಾಯ್ತು." ಒಂದು ಗಳಿಗೆ ಬಿಟ್ಟು ಸೇರಿಸಿದರು. "ಏನೇ ಆಗ್ಲಿ, ದೊಡ್ಡಸ್ತಿಕೆ ತಲೆಗೇರಿಸ್ಕೋಬೇಡಿ. ಅಲ್ಪನಿಗೆ ಐಶ್ವರ್ಯ ಬಂದ್ರೆ ಅರ್ಧರಾತ್ರೀಲಿ ಕೊಡೆ ಹಿಡಿದನಂತೆ."

ಬಡ್ತಿ ಬಂದಾಗಿನಿಂದ ಅತ್ತೆ ಈ ಗಾದೆಯನ್ನು ದಿನಕ್ಕೆರಡು ಸಲ, ಮಾತ್ರೆಯ ಹಾಗೆ, ಊಟದ ನಂತರ ಕೊಡುತ್ತಿದ್ದರು.

ಕೋಚ್ ಮೇಡಂ ಬುಧವಾರ ಬಂದರು. ಅರವತ್ತರ ಹೆಂಗಸು, ಕತ್ತರಿಸಿದ ಬಿಳಿ ಕೂದಲು, ಒಂದು ಕೈಯಲ್ಲಿ ಉಕ್ಕಿನ ಫ್ಲಾಸ್ಕು, ಇನ್ನೊಂದರಲ್ಲಿ ಅಂಗೈಯಗಲದ ನೋಟ್‌ಬುಕ್ಕು. ಹತ್ತೊಂಬತ್ತು ವರ್ಷ ಬಿಸ್ಕತ್ತಿನ ಕಾರ್ಖಾನೆ ನಡೆಸಿದವರಂತೆ. ಮಾದರಿ ಕೊಡೆಗಳನ್ನು ಬಾವಲಿಗಳ ಹಾಗೆ ತಲೆಕೆಳಗಾಗಿ ನೇತುಹಾಕಿದ್ದ ಕೋಣೆಯಲ್ಲಿ ಇಬ್ಬರೂ ಎದುರುಬದುರು ಕೂತರು.

"ಇಲ್ಲಿ ಆಡಿದ್ದು ಈ ಬಾಗಿಲು ದಾಟಲ್ಲ. ಯಜಮಾನಮ್ಮನ ಹತ್ರಾನೂ ನಾನು ಹೇಳಲ್ಲ. ಇನ್ನೊಂದು ವಿಷಯ, ನಾನು ಉತ್ತರ ಕೊಡಲ್ಲ. ಪ್ರಶ್ನೆ ಮಾತ್ರ ಕೇಳ್ತೀನಿ."

ಉತ್ತರ ಕೊಡದವರನ್ನು ಇಷ್ಟು ದೂರದಿಂದ ಕರೆಸುವ ಅಗತ್ಯವೇನಿತ್ತು, ಅಂಥವರು ಉಗ್ರಾಣದಲ್ಲೇ ಇದ್ದಾರಲ್ಲ ಎಂದು ಸಾಹೇಬರಿಗೆ ಅನ್ನಿಸಿತು. ಬಾಯಿ ಬಿಡಲಿಲ್ಲ. ಮೇಡಮ್ಮೂ ಬಾಯಿ ಬಿಡಲಿಲ್ಲ. ಸುಮ್ಮನೆ ಕೂತರು. ಅವರ ಸುಮ್ಮನಿರುವಿಕೆ ಸಾಹೇಬರ ಮೈಮೇಲೆ ಇರುವೆ ಹರಿದಂತೆ ಹರಿಯಿತು. ಏನೋ ಬರೆಯಲು ಹೋದ ಮೇಡಮ್ಮಿನ ಪೆನ್ನು ಮೂಡಲಿಲ್ಲ. ಸಾಹೇಬರಿಗೆ ಜೀವ ಬಂತು.

"ಕೊಡಿಲ್ಲಿ."

ಪೆನ್ನು ಬಿಚ್ಚಿ, ಊದಿ, ಅಂಗೈಯಲ್ಲಿ ಉಜ್ಜಿ ಸರಿಮಾಡಿ ಕೊಟ್ಟರು. ಮೇಡಂ ಅದೇ ಪೆನ್ನಿನಿಂದ ನೋಟ್‌ಬುಕ್ಕಿನಲ್ಲಿ ಒಂದು ಗೀಟು ಎಳೆದರು.

"ಅದೇನು ಮೇಡಂ?"

"ಒಂದು" ಅಂದರು ಮೇಡಂ.

ಮುಂದಿನ ವಾರ ಮೇಡಂ ಒಂದು ಬೆಳಗ್ಗೆಯೆಲ್ಲ ಕಾರ್ಖಾನೆಯ ಮೂಲೆಯ ಸ್ಟೂಲಿನ ಮೇಲೆ ಕೂತು ನೋಡಿದರು. ಮಧ್ಯಾಹ್ನ ನೋಟ್‌ಬುಕ್ಕು ತಿರುಗಿಸಿ ಹಿಡಿದರು. ಗೀಟುಗಳು ಬೇಲಿ ಹಾಕಿದಂತೆ ನಿಂತಿದ್ದವು.

"ಬೆಳಗ್ಗೆಯಿಂದ ಊಟದವರೆಗೆ ನಲವತ್ತೊಂದು 'ಕೊಡಿಲ್ಲಿ'. ನಿಮಗೇನು ಕಾಣ್ತಿದೆ ಇದ್ರಲ್ಲಿ?"

ಸಾಹೇಬರು ಹೆಮ್ಮೆಯಿಂದಲೇ ನೋಡಿದರು. "ನಲವತ್ತೊಂದು ಕೆಲಸ ಆಯ್ತು."

"ಹೌದು. ಆ ಹೊತ್ತಲ್ಲಿ ಮ್ಯಾನೇಜರ್ ಕೆಲಸ ಯಾರು ಮಾಡಿದ್ರು?"

ಸಾಹೇಬರು ಸುತ್ತ ನೋಡಿದರು, ಯಾರಾದರೂ ಮಾಡಿರಬಹುದೇನೋ ಎಂಬಂತೆ. ಕೊಡೆಗಳು ತಲೆಕೆಳಗಾಗಿಯೇ ನೇತಾಡುತ್ತಿದ್ದವು.

"ಕೈಯಲ್ಲಿ ಏನೂ ಇಲ್ದೆ ನಿಂತಾಗ ನಿಮಗೇನಾಗುತ್ತೆ?" ಮೇಡಮ್ಮಿನ ದನಿ ಮೆತ್ತಗಿತ್ತು.

ಸಾಹೇಬರು ನೆಲ ನೋಡುತ್ತ ಹೇಳಿದರು. "ನಾಚಿಕೆ ಆಗುತ್ತೆ ಮೇಡಂ. ಮೊನ್ನೆವರೆಗೂ ಅವರ ಜೊತೇಲೇ ಬೆಂಚಲ್ಲಿ ಕೂತಿದ್ದೋನು. ಈಗ ಕೈಕಟ್ಟಿ ನಿಂತ್ರೆ 'ನೋಡು, ಇವನಿಗೆ ದೊಡ್ಡಸ್ತಿಕೆ ಬಂತು' ಅಂತಾರೆ. ಕೈಯಲ್ಲಿ ಸ್ಕ್ರೂಡ್ರೈವರ್ ಇದ್ರೆ ನಾನೂ ಅವರಲ್ಲೊಬ್ಬ."

"ಹಾಗಂತ ಯಾರಂದ್ರು?"

"ನಮ್ಮತ್ತೆ."

"ಅವರು ಯಾವ ವಿಭಾಗದಲ್ಲಿದ್ದಾರೆ?"

"ಅಯ್ಯೋ, ಅವರು ಕಾರ್ಖಾನೇಲಿ ಇಲ್ಲ ಮೇಡಂ. ಮನೇಲಿದ್ದಾರೆ."

"ಕಾರ್ಖಾನೇಲಿ ಯಾರಂದ್ರು?"

ಸಾಹೇಬರು ಒಬ್ಬೊಬ್ಬರ ಮುಖವನ್ನೂ ನೆನಪಿಗೆ ತಂದುಕೊಂಡರು. ಹೊಲಿಗೆಯಕ್ಕ ಅಂದಿರಲಿಲ್ಲ. ಮಾವನೂ ಅಂದಿರಲಿಲ್ಲ. ಉಗ್ರಾಣದವನಂತೂ ಮಾತಾಡುವ ತೊಂದರೆಯನ್ನೇ ತೆಗೆದುಕೊಳ್ಳುತ್ತಿರಲಿಲ್ಲ. ನೂರಿಪ್ಪತ್ತು ಜನರ ಕಾರ್ಖಾನೆಯನ್ನು ಅತ್ತೆ ಮನೆಯ ಜಗಲಿಯಲ್ಲಿ ಕೂತೇ ನಡೆಸುತ್ತಿದ್ದಾರೆ ಎಂಬುದು ಅವರಿಗೆ ಆಗ ಹೊಳೆಯಿತು.

ಆ ವಾರ ಕೈಗಳನ್ನು ಪ್ಯಾಂಟಿನ ಜೇಬಿನಲ್ಲಿಟ್ಟುಕೊಂಡು ಓಡಾಡುತ್ತೇನೆ ಎಂದು ಅವರೇ ಹೇಳಿದರು. ನಾಯಿ ಬಾಲದ ಕಥೆಯಾಯಿತು. ಯಾರಾದರೂ ಉಸ್ಸೆಂದರೆ ಸಾಕು, ಕೈಗಳು ಜೇಬಿನಿಂದ ಬಿಲದ ಇಲಿಯಂತೆ ಹೊರಗೆ. ಬುಧವಾರದ ಎಣಿಕೆ ಮೂವತ್ತೆಂಟು.

"ನಿಮ್ಮ ಕೈ ಯಾವಾಗ ಸುಮ್ನಿರುತ್ತೆ?" ಮೇಡಂ ಕೇಳಿದರು.

"ಕೈ ತುಂಬಾ ಏನಾದ್ರೂ ಇದ್ದಾಗ."

"ಹಾಗಾದ್ರೆ?"

ಸಾಹೇಬರು ಮೇಲೆ ನೋಡಿದರು. ಕೈಗೊಂದು ಕೊಡೆ! ಎದ್ದು ಎರಡು ಕೊಡೆ ತೆಗೆದರು. ಅಷ್ಟರಲ್ಲಿ ಮೇಡಂ ಫ್ಲಾಸ್ಕಿನ ಮುಚ್ಚಳ ತಿರುಗಿಸಲು ಹೆಣಗುವುದು ಕಂಡಿತು. ಸಾಹೇಬರಿಗೇ ತಿಳಿಯದಂತೆ ಎರಡು ಕೊಡೆಯೂ ಕಂಕುಳಿಗೆ ಹೋಗಿ, ಕೈ ಮುಂದೆ ಬಂತು. "ಕೊಡಿ..." ಎಂದವರು ನಾಲಿಗೆ ಕಚ್ಚಿಕೊಂಡರು. ಮುಚ್ಚಿದ ಕೊಡೆ ಕಂಕುಳಿಗೆ ಹೋಗುತ್ತದೆ. ಬಿಚ್ಚಿದ ಕೊಡೆ?

ಟಪ್, ಟಪ್. ಎರಡನ್ನೂ ಬಿಚ್ಚಿ ಎತ್ತಿ ಹಿಡಿದರು. ಬಿಚ್ಚಿದ ಕೊಡೆ ಯಾವ ಕಂಕುಳಿಗೂ ಹೋಗಲಿಲ್ಲ.

ಮೇಡಂ ತಾವೇ ಮುಚ್ಚಳ ತಿರುಗಿಸಿ ಬಹಳ ಹೊತ್ತು ಫ್ಲಾಸ್ಕಿನಿಂದ ನೀರು ಕುಡಿದರು. ಭುಜ ಮಾತ್ರ ಕುಲುಕುತ್ತಿತ್ತು. ಬಾಯಿ ಒರೆಸಿಕೊಂಡು, "ಇದು ನಿಮ್ಮದೇ ಯೋಚನೆ. ಬೇಡ ಅನ್ನೋ ಅಧಿಕಾರ ನನಗಿಲ್ಲ. ಕೈ ತುಂಬಿರೋವಾಗ ಬಾಯಿ ಏನು ಮಾಡುತ್ತೆ?" ಅಂದರು.

"ನಿಮ್ಮ ಹಾಗೆ ಪ್ರಶ್ನೆ ಕೇಳ್ಲಾ?"

"ಕೇಳಿ ನೋಡಿ."

ಮಾರನೆಯ ಬೆಳಗ್ಗೆ ಕೊಡಿಲ್ಲಿ ಸಾಹೇಬರು ಎರಡು ಕೈಯಲ್ಲಿ ಎರಡು ಕೆಂಪು ಕೊಡೆ ಬಿಚ್ಚಿಕೊಂಡು ಕಾರ್ಖಾನೆಯ ಒಳಗೆ ಬಂದರು. ಬಾಗಿಲಿನಲ್ಲಿ ಸಿಕ್ಕಿಹಾಕಿಕೊಂಡು, ಏಡಿಯ ಹಾಗೆ ಅಡ್ಡಡ್ಡ ತಿರುಗಿ, ಒಂದಾದ ಮೇಲೊಂದು ಕೊಡೆಯನ್ನು ಒಳಕ್ಕೆ ತೂರಿಸಿ ಬರಬೇಕಾಯಿತು. ಯಂತ್ರಗಳು ಒಂದೊಂದಾಗಿ ನಿಂತವು.

ಹೊಲಿಗೆಯಕ್ಕ ಮೊದಲು ಚಾವಣಿ ನೋಡಿದಳು, ಆಮೇಲೆ ಸಾಹೇಬರನ್ನು. "ಸಾರ್, ಸೋರ್ತಾ ಇದ್ಯಾ?"

"ಇಲ್ಲಕ್ಕ. ನಿಮ್ಮ ಕೆಲಸ ಹೇಗಿದೆ?"

"ಯಂತ್ರ ಮತ್ತೆ ಸಿಕ್ಕಿಕೊಂಡಿದೆ ಸಾರ್" ಎಂದು ಹೊಲಿಗೆಯಕ್ಕ ಅಭ್ಯಾಸದಂತೆ ಉಸ್ಸೆಂದಳು.

ಸಾಹೇಬರ ಹತ್ತೂ ಬೆರಳು ತುಡಿದವು. ಎರಡೂ ಕೊಡೆ ಹುಂಜ ರೆಕ್ಕೆ ಬಡಿದಂತೆ ಬಡಬಡಿಸಿದವು. ಹಲ್ಲು ಕಚ್ಚಿ ಕೇಳಿದರು. "ಯಾಕೆ ಸಿಕ್ಕಿಕೊಳ್ಳುತ್ತೆ ಅಂತ ನಿಮಗನ್ನಿಸುತ್ತಕ್ಕ?"

ಹೊಲಿಗೆಯಕ್ಕ ಕಣ್ಣು ಕಿರಿದು ಮಾಡಿದಳು. "ನನಗನ್ನಿಸೋದಾ? ಹನ್ನೊಂದು ವರ್ಷ ಆಯ್ತು ಸಾರ್ ನಾನಿಲ್ಲಿಗೆ ಬಂದು. ನನಗೂ ಏನಾದ್ರೂ ಅನ್ನಿಸುತ್ತೆ ಅಂತ ಇವತ್ತೇ ನಿಮಗೆ ಗೊತ್ತಾಗಿದ್ದು!"

ಕಟ್ಟೆ ಒಡೆಯಿತು. ಬಟ್ಟೆ ಕತ್ತರಿಸುವ ಮೇಜು ಆ ಮೂಲೆಯಲ್ಲಿ, ಹೊಲಿಯುವವರು ಈ ಮೂಲೆಯಲ್ಲಿ. ನಡುವೆ ಅರವತ್ತು ಹೆಜ್ಜೆ. ಬಟ್ಟೆ ಹೊತ್ತು ತರುವಾಗ ಅಂಚಿನ ಎಳೆ ಬಿಡುತ್ತದೆ, ಆ ಎಳೆಯೇ ಯಂತ್ರಕ್ಕೆ ಸುತ್ತಿಕೊಳ್ಳುತ್ತದೆ. ಮೇಜನ್ನು ಇತ್ತ ತಂದರೆ ಎಲ್ಲ ಸರಿ.

"ಹಾಗಾದ್ರೆ ತನ್ನಿ."

"ನಾನಾ?"

"ನನ್ನ ಕೈ ಖಾಲಿ ಇಲ್ಲವಲ್ಲಕ್ಕ."

ಸಂಜೆಯೊಳಗೆ ಮೇಜು ಈ ಕಡೆ ಬಂದಿತ್ತು. ಸ್ಪ್ರಿಂಗ್ ಮಾವ ಮಾತ್ರ ಸುಲಭಕ್ಕೆ ಬಗ್ಗಲಿಲ್ಲ. ಪೆಟ್ಟಿಗೆಯೊಂದನ್ನು ಎತ್ತಿಕೊಂಡು ಸಾಹೇಬರೆದುರು ಕಾಲು ಗಂಟೆ ನಿಂತ. ನಾಲ್ಕು ಸಲ ಉಸ್ಸೆಂದ.

"ಸಾರ್, ಒಂದು ಕೊಡೆಯನ್ನಾದ್ರೂ ಮಡಚಿ."

"ಆಗಲ್ಲ ಮಾವ."

"ಡಾಕ್ಟ್ರು ಹೇಳಿದ್ದಾ?"

ಕೋಚ್ ಮೇಡಮ್ಮಿನ ಬಳಿ ಆಡಿದ್ದು ಬಾಗಿಲು ದಾಟಬಾರದಲ್ಲ. "ಹಾಗೇ ಅಂದ್ಕೋ" ಅಂದರು ಸಾಹೇಬರು.

ಅಷ್ಟು ಸಾಕಾಯಿತು. ಕ್ಯಾಂಟೀನಿನಲ್ಲಿ ಸುದ್ದಿಗೆ ರೆಕ್ಕೆ ಬಂತು. ಸಾಹೇಬರಿಗೆ ತೋಳಿನ ನರದ ಕಾಯಿಲೆ, ತೋಳು ಇಳಿಸಿದರೆ ರಕ್ತ ತಲೆಗೇರುತ್ತದೆ ಎಂದಳು ಹೊಲಿಗೆಯಕ್ಕ. ಉಗ್ರಾಣದವನ ಪ್ರಕಾರ ಅವರು ಹಾರುವುದನ್ನು ಅಭ್ಯಾಸ ಮಾಡುತ್ತಿದ್ದರು. "ಪಾಪ, ಕೆಲಸ ಹೇಳಿ ಅವರಿಗೆ ತೊಂದ್ರೆ ಕೊಡೋದು ಬೇಡ" ಎಂದು ಎಲ್ಲರೂ ತಮ್ಮ ತಮ್ಮ ಕೆಲಸ ತಾವೇ ಮಾಡತೊಡಗಿದರು. ಕನಿಕರ ಒಂದು ಕಡೆಯಿಂದ, ಸಾಹೇಬರ ಪ್ರಶ್ನೆ ಇನ್ನೊಂದು ಕಡೆಯಿಂದ. ಕೈ ಬಂದಾದ ಮೇಲೆ ಸಾಹೇಬರ ಕಣ್ಣೂ ತೆರೆದುಕೊಂಡಿತ್ತು. ಯಾವ ವಿಭಾಗ ಯಾವುದಕ್ಕೆ ಕಾಯುತ್ತಿದೆ, ಯಾರಿಗೆ ಯಾರ ಜೊತೆ ಸರಿಬರುವುದಿಲ್ಲ ಎಂಬುದೆಲ್ಲ ಕೊಡೆಗಳ ಕೆಳಗೆ ನಿಂತಾಗ ಕಂಡಿತು. ಬುಧವಾರಗಳಲ್ಲಿ ಅದನ್ನೇ ಮೇಡಮ್ಮಿನೊಡನೆ ಮಾತಾಡಿದರು. ಗೀಟುಗಳು ಹದಿನಾಲ್ಕಕ್ಕೆ, ಆರಕ್ಕೆ, ಮೂರಕ್ಕೆ ಇಳಿದವು. ಕೆಂಪು ಕೊಡೆಗಳು ಸಾವಿರದ ಎಂಟುನೂರಕ್ಕೆ ಏರಿದವು.

ಗಡುವಿನ ಕೊನೆಯ ದಿನ ಬಂತು. ಲಾರಿಗೆ ಇನ್ನು ನಾಲ್ಕು ಗಂಟೆಯಿತ್ತು. ಆಗ ಉಳಿದ ಇನ್ನೂರು ಕೊಡೆಗಳು ಕೈಕೊಟ್ಟವು. ಗುಂಡಿ ಒತ್ತಿದರೆ ಟಪ್ ಎಂದು ಬಿಚ್ಚಿಕೊಂಡು, ಏನೋ ಮರೆತವರ ಹಾಗೆ ಮತ್ತೆ ಮುಚ್ಚಿಕೊಳ್ಳುತ್ತಿದ್ದವು.

ಇದೇ ಹೊತ್ತಿಗೆ ಯಜಮಾನಮ್ಮ ಒಳಗೆ ಬಂದರು. ಅವರನ್ನು ಕರೆತಂದವನು ತಮ್ಮ. ಅವನ ಜೇಬಿನಲ್ಲಿ ಟೇಪು ಉಬ್ಬಿತ್ತು. ಕೋಚ್ ಮೇಡಂ ಮೂಲೆಯ ಸ್ಟೂಲಿನಲ್ಲಿದ್ದರು. ನಟ್ಟನಡುವೆ ಎರಡು ಕೊಡೆ ಹಿಡಿದು ಸಾಹೇಬರು.

"ನೋಡಕ್ಕಾ" ಎಂದ ತಮ್ಮ ಸಂಭ್ರಮದಿಂದ. "ನಾನು ಹೇಳಿದ್ರೆ ನೀನು ನಂಬ್ಲಿಲ್ಲ."

ಸಾಹೇಬರು ಕೊಡೆ ಕೆಳಗೆ ಹಾಕಿಬಿಡಬಹುದಿತ್ತು. ಕೊಡೆಗಳ ಸದ್ದು ಅವರ ಕಿವಿಗೆ ಕಾಯಿಲೆಯ ಹೆಸರನ್ನು ಆಗಲೇ ಹೇಳಿತ್ತು. ಕಡ್ಡಿ ಸೊಟ್ಟಗಾಗಿದೆ, ಅನುಮಾನವೇ ಇಲ್ಲ. ಯಜಮಾನಮ್ಮನ ಎದುರಲ್ಲೇ ಒಂದು ಕೊಡೆ ಕಸಿದು, ಕಡ್ಡಿ ನೆಟ್ಟಗೆ ಮಾಡಿ, ಸೈ ಅನ್ನಿಸಿಕೊಂಡುಬಿಡಬಹುದು. 'ಕೊಡಿಲ್ಲಿ' ಗಂಟಲಿನವರೆಗೆ ಬಂತು. ಮೇಡಮ್ಮಿನ ಕಡೆ ನೋಡಿದರು. ಅವರ ಪೆನ್ನು ನೋಟ್‌ಬುಕ್ಕಿನ ಮೇಲೆ ಕಾದಿತ್ತು. ಸಾಹೇಬರು ಆ 'ಕೊಡಿಲ್ಲಿ'ಯನ್ನು ಕಹಿಮಾತ್ರೆಯಂತೆ ನುಂಗಿಕೊಂಡರು.

"ಮಾವ, ನಿನ್ನೆ ಮಾಡಿದ್ದು ಸರಿಯಿತ್ತು. ಇವತ್ತು ಏನು ಬದಲಾಯ್ತು?"

ಸ್ಪ್ರಿಂಗ್ ಮಾವ ತಲೆ ಕೆರೆದುಕೊಂಡ. ಒಂದು ಕೊಡೆ ಬಿಚ್ಚಿ ನೋಡಿದ. "ಪೆಟ್ಟಿಗೆ ಬದಲಾಯ್ತು ಸಾರ್. ಹಳೇದು ಮುಗೀತು ಅಂತ ಹೊಸದು ಒಡೆದೆ. ಈ ಸ್ಪ್ರಿಂಗು ಕೂದಲೆಳೆಯಷ್ಟು ಗಿಡ್ಡ."

"ಹಳೇದು ಮುಗಿದಿಲ್ಲ!" ಹೊಲಿಗೆಯಕ್ಕ ಆ ತುದಿಯಿಂದ ಕೂಗಿದಳು. "ಮೇಜು ಇತ್ತ ತಂದಾಗ ಎರಡು ಪೆಟ್ಟಿಗೆ ಅದರ ಕೆಳಗೆ ಬಿದ್ದಿತ್ತು. ಕಾಲಿಟ್ಕೊಳ್ಳೋಕೆ ಚೆನ್ನಾಗಿದೆ ಅಂತ ಇಟ್ಕೊಂಡಿದ್ದೆ!"

"ಕಾಲಡಿ ಇಟ್ಕೊಂಡ್ಯಾ? ನಾನು ಉಗ್ರಾಣದೋನಿಗೆ ಬೈದು ಬಂದೆನಲ್ಲೇ!"

"ಅವನಿಗೆ ಬೈದಿದ್ದು ವ್ಯರ್ಥ ಆಗಲ್ಲ ಬಿಡು, ಮುಂದಕ್ಕೆ ಬರುತ್ತೆ. ಎತ್ಕೋ ಬಾ!"

ನಾಲ್ಕು ಜನ ಓಡಿದರು. ಸಾಹೇಬರು ಮಾತ್ರ ನಿಂತಲ್ಲೇ ಲೆಕ್ಕ ಹಾಕಿದರು. ಕಡ್ಡಿಯಲ್ಲ, ಸ್ಪ್ರಿಂಗು. ಇಪ್ಪತ್ತೆರಡು ವರ್ಷದ ಕಿವಿ ತಪ್ಪು ಹೇಳಿತ್ತು. ಕೈ ಹಾಕಿದ್ದರೆ ಇನ್ನೂರು ಕೊಡೆಯ ನೆಟ್ಟಗಿದ್ದ ಕಡ್ಡಿಯನ್ನೆಲ್ಲ ಲಾರಿ ಬರುವಷ್ಟರಲ್ಲಿ ಸೊಟ್ಟ ಮಾಡಿಡುತ್ತಿದ್ದರು.

ತಮ್ಮ ನಕ್ಕ. "ಜನ ಓಡಾಡ್ತಿದ್ದಾರೆ, ಇವರು ಕೊಡೆ ಹಿಡ್ಕೊಂಡು ನಿಂತಿದ್ದಾರೆ. ಅಲ್ಪನಿಗೆ ಐಶ್ವರ್ಯ ಬಂದ್ರೆ ಅರ್ಧರಾತ್ರೀಲಿ ಕೊಡೆ ಹಿಡಿದನಂತೆ, ಅಲ್ವೇನಕ್ಕಾ?"

ಇಷ್ಟು ದಿನ ಯಾವ ಮಾತಿಗೆ ಹೆದರಿದ್ದರೋ ಅದು ಕಾರ್ಖಾನೆಯ ನಡುವೆಯೇ ಬಿತ್ತು. ಎಲ್ಲರೂ ಕೇಳಿದರು. ಯಾರೂ ನಗಲಿಲ್ಲ.

ಯಜಮಾನಮ್ಮ ತಮ್ಮನನ್ನು ಮೇಲಿಂದ ಕೆಳಗೆ ನೋಡಿದರು. "ಕೊಡೆ ಮಾರೋ ಮನೇಲಿ ಹುಟ್ಟಿ ಈ ಗಾದೆ ಹೇಳ್ತೀಯಲ್ಲೋ! ಅರ್ಧರಾತ್ರೀಲಿ ಕೊಡೆ ಹಿಡಿಯೋನನ್ನ ನೋಡಿ ಲೋಕ ನಗ್ಲಿ. ನಾವ್ಯಾಕೆ ನಗ್ಬೇಕು? ಅವನು ನಮ್ಮ ಗಿರಾಕಿ."

ಆಮೇಲೆ ಸಾಹೇಬರ ಹತ್ತಿರ ಬಂದು, ತಮ್ಮ ಬಗಲಿನ ಹಳೆಯ ಕಪ್ಪು ಕೊಡೆಯನ್ನು ಮುಂದೆ ಹಿಡಿದರು. "ಆರು ತಿಂಗಳಾಯ್ತು, ಬಿಚ್ಚೋದಿಲ್ಲ ಇದು. ನೋಡಪ್ಪಾ."

ಯಂತ್ರಗಳು ಮತ್ತೆ ನಿಂತವು. ತೆಗೆದುಕೊಂಡರೆ ಹಳೆಯ ಕೊಡಿಲ್ಲಿ. ತೆಗೆದುಕೊಳ್ಳದಿದ್ದರೆ ಯಜಮಾನಮ್ಮನಿಗೇ ಅವಮಾನ. ಸಾಹೇಬರು ಎರಡು ಕೊಡೆಯನ್ನೂ ಇನ್ನಷ್ಟು ಎತ್ತಿ ಹಿಡಿದರು.

"ಅಮ್ಮಾ... ಎಲ್ಲಿ ಹಿಡ್ಕೊಳ್ತಿದೆ ಅಂತ ನಿಮಗನ್ನಿಸುತ್ತೆ?"

ಯಜಮಾನಮ್ಮನ ಹುಬ್ಬು ಮೇಲೇರಿತು. ಅಲ್ಲೇ ನಿಂತುಬಿಟ್ಟಿತು. ಹೊಲಿಗೆಯಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಯಜಮಾನಮ್ಮ ನಿಧಾನಕ್ಕೆ ಹೋಗಿ ಪರೀಕ್ಷೆ ಬೆಂಚಿನ ಮೇಲೆ ಕೂತರು. ಚಿಕ್ಕವರಿದ್ದಾಗ ಅವರಪ್ಪ ಅವರನ್ನು ಅದೇ ಬೆಂಚಿನ ಮೇಲೆ ಕೂರಿಸುತ್ತಿದ್ದರಂತೆ. ಕನ್ನಡಕ ಏರಿಸಿ, ಕೊಡೆಯ ಕೋಲಿನೊಳಗೆ ಇಣುಕಿ, ತಲೆಗೂದಲಿನ ಪಿನ್ನು ತೆಗೆದು ತಿವಿದರು. "ತುಕ್ಕು ಕೂತಿದೆ ಇಲ್ಲಿ, ಈ ಗುಂಡಿ ಹತ್ರ. ಇರು, ಇರು, ಯಾರೂ ಮುಟ್ಟಬೇಡಿ..."

ಟಪ್!

ಆರು ತಿಂಗಳ ಸಿಟ್ಟನ್ನೆಲ್ಲ ಸೇರಿಸಿಕೊಂಡು ಕೊಡೆ ಬಿಚ್ಚಿತು. ಬಾಗಿ ನೋಡುತ್ತಿದ್ದ ತಮ್ಮನ ಹೊಟ್ಟೆಗೆ ಗುದ್ದಿತು. ಅವನು ಹಿಂದಕ್ಕೆ ಕೂತ. ಜೇಬಿನ ಟೇಪು ನೆಲದ ಮೇಲೆ ಬಿದ್ದು ಸರಸರ ಬಿಚ್ಚಿಕೊಂಡು ಕೋಣೆಯ ಬಾಗಿಲಿನವರೆಗೆ ಹರಿಯಿತು.

ಯಜಮಾನಮ್ಮ ನಕ್ಕರು. ಕೊಡೆಯನ್ನು ಮೂರು ಸಲ ಬಿಚ್ಚಿ, ಮೂರು ಸಲ ಮುಚ್ಚಿದರು. "ಮೂವತ್ತು ವರ್ಷ ಆಗಿತ್ತು ನನ್ನ ಕೈಯಲ್ಲಿ ಒಂದು ಕೊಡೆ ರಿಪೇರಿ ಆಗಿ" ಅಂದರು, ಯಾರಿಗೂ ಅಲ್ಲ ಎಂಬಂತೆ. ನಂತರ ಸಾಹೇಬರಿಗೆ, "ಇನ್ನು ಇಳಿಸಪ್ಪಾ ಅವನ್ನ. ನಾಳೆಯಿಂದ ಖಾಲಿ ಕೈಯಲ್ಲೇ ಬಾ. ಯಾರಾದ್ರೂ ಆ ಬಾಗಿಲ ಮೇಲಿನ 'ತಾತ್ಕಾಲಿಕ' ಅಳಿಸ್ರೋ."

ಸಾಹೇಬರು ಎರಡು ಕೊಡೆಯನ್ನೂ ಮಡಚಿಟ್ಟರು. ಸ್ಪ್ರಿಂಗ್ ಮಾವ ಒರೆಸುವ ಬಟ್ಟೆ ಹಿಡಿದು ಬಾಗಿಲಿನತ್ತ ಹೊರಟ. ಕೈ ಎಟುಕದೆ ಉಸ್ಸೆಂದ.

"ಕೊಡಿಲ್ಲಿ, ನಾನೇ..."

"ಸಾರ್!" ಇಡೀ ಕಾರ್ಖಾನೆ ಕೂಗಿತು.

ಸಾಹೇಬರು ಕೈ ಹಿಂದಕ್ಕೆ ಎಳೆದುಕೊಂಡರು. ಮಾವ ಸ್ಟೂಲು ಕೇಳಿ ಪಡೆದ. ಸ್ಟೂಲು ಬಿಟ್ಟು ಎದ್ದ ಕೋಚ್ ಮೇಡಂ ನೋಟ್‌ಬುಕ್ಕು ತೆರೆದು ಅರ್ಧ ಗೀಟು ಎಳೆದರು.

ಆ ಸಂಜೆ ಸಾಹೇಬರು ಹಗುರವಾಗಿ ಮನೆಗೆ ಬಂದರು. ಅತ್ತೆ ಅಡುಗೆಮನೆಯ ಹೊಸ್ತಿಲಲ್ಲಿ ಗಾಜಿನ ಭರಣಿ ಹಿಡಿದು ಮುಚ್ಚಳದ ಜೊತೆ ಗುದ್ದಾಡುತ್ತಿದ್ದರು.

"ಬಂದ್ರಾ ಅಳಿಯಂದ್ರೇ? ಇದು ತಿರುಗ್ತಾನೇ ಇಲ್ಲ ನೋಡಿ."

ಸಾಹೇಬರು ಕೈಕಟ್ಟಿ ನಿಂತರು. ನಾಚಿಕೆಯಾಗಲಿಲ್ಲ. ಮೆತ್ತಗಿನ ದನಿಯಲ್ಲಿ, "ಯಾಕೆ ತಿರುಗ್ತಿಲ್ಲ ಅಂತ ನಿಮಗನ್ನಿಸುತ್ತೆ ಅತ್ತೆ?" ಅಂದರು.

ಅತ್ತೆ ಭರಣಿಯನ್ನು ಸೊಂಟಕ್ಕೆ ಇಟ್ಟುಕೊಂಡು ಅಳಿಯನನ್ನು ನೋಡಿದರು. "ನನಗೇನನ್ನಿಸುತ್ತೆ ಅಂತ ನಿಜವಾಗ್ಲೂ ಹೇಳ್ಲಾ?"

"ಬೇಡ ಬೇಡ" ಅಂದರು ಸಾಹೇಬರು. "ಕೊಡಿಲ್ಲಿ."